ನೀಲಿಗೊರಳೂ ಬಾಲ ಓದುವ ಸಾರ್ಟರ್ ಸಾಹೇಬರೂ

“ಬರೋ ಭಾನುವಾರ ಬೆಳಿಗ್ಗೆ ಎಂಟು ಗಂಟೆ ಹೊಡೆಯೋದ್ರೊಳಗೆ ನೀಲಿಗೊರಳು ನನ್ನ ಕಣ್ಣಿಗೆ ಬೀಳ್ಲಿಲ್ಲ ಅಂದ್ರೆ, ಇಪ್ಪತ್ತೆರಡು ವರ್ಷ ಅಂಚೆ ಕಚೇರೀಲಿ ನಾನು ಕಣ್ಣು ಸವೆಸಿದ್ದೆಲ್ಲಾ ದಂಡ ಅಂತ ತಿಳ್ಕೋ!”

ಹೀಗೆ ಘೋಷಿಸಿ, ಅಂಚೆ ವಿಂಗಡಿಸುವ ಸಾರ್ಟರ್ ಸಾಹೇಬರು, ಕಾಗದಕ್ಕೆ ಠಸ್ಸೆ ಹೊಡೆಯುವ ಗತ್ತಿನಲ್ಲಿ ಊಟದ ಮೇಜಿನ ಮೇಲೆ ಚಮಚ ಕುಟ್ಟಿದರು. ಏಟು ಮೊಸರಿನ ಬಟ್ಟಲಿನ ಅಂಚಿಗೆ ಬಿತ್ತು. ಬಟ್ಟಲು ಗಾಳಿಯಲ್ಲಿ ಒಂದು ಲಾಗ ಹಾಕಿ, ಒಳಗಿದ್ದದ್ದನ್ನೆಲ್ಲ ಸಾಹೇಬರ ಪ್ಯಾಂಟಿಗೆ ಅರ್ಪಿಸಿ, ನೆಲದ ಮೇಲೆ ಗಿರಗಿರ ತಿರುಗಿ ನಿಂತಿತು.

ಹೆಂಡತಿ ಪ್ಯಾಂಟಿನ ಮೇಲಿಳಿಯುತ್ತಿದ್ದ ಬಿಳಿ ಪಟ್ಟೆಗಳನ್ನು ತಲೆ ಓರೆ ಮಾಡಿ ನೋಡಿದಳು.

“ಹಕ್ಕಿ ಇನ್ನೂ ಬಂದೇ ಇಲ್ಲ. ಅದರ ಗುರುತು ಮಾತ್ರ ಆಗಲೇ ಬಿದ್ದಾಯ್ತಲ್ಲ ರೀ!”

ಸಾಹೇಬರು ಇದನ್ನು ಕೇಳಿಸಿಕೊಳ್ಳಲಿಲ್ಲ. ಮಹಾಕಾರ್ಯಕ್ಕೆ ಹೊರಟವರು ಮೊಸರಿಗೆಲ್ಲ ಕಿವಿಗೊಡುವುದಿಲ್ಲ.

ನೀಲಿಗೊರಳು ಎಂದರೆ ಗುಬ್ಬಿ ಗಾತ್ರದ ಒಂದು ಹಾಡುಹಕ್ಕಿ. ಬೆನ್ನು ಮಣ್ಣಿನ ಬಣ್ಣ, ಕೊರಳಲ್ಲಿ ಶಾಯಿ ಚೆಲ್ಲಿದಂಥ ನೀಲಿ, ಬಾಲದ ಬುಡದಲ್ಲಿ ತುಕ್ಕಿನ ಕೆಂಪು. ಚಳಿಗಾಲದಲ್ಲಿ ಎಲ್ಲಿಂದಲೋ ಬಂದು, ಜೊಂಡಿನ ಬುಡದಲ್ಲಿ ಓಡಾಡಿಕೊಂಡಿದ್ದು, ಯಾರಿಗೂ ಹೇಳದೆ ಹೊರಟುಬಿಡುತ್ತದೆ. ಬಡಾವಣೆಯ ಆಚೆಗಿನ ಜೌಗಿನಲ್ಲಿ ಅದು ಇದೆಯೆಂದು ಮೂರು ಚಳಿಗಾಲದಿಂದ ಸುದ್ದಿ. ಕಂಡವರು ಮಾತ್ರ ಯಾರೂ ಇರಲಿಲ್ಲ.

ಕಂಡವರ ಹೆಸರು ಬರೆಯಲೆಂದೇ ಜೌಗಿನ ಬಾಗಿಲಲ್ಲಿ ಒಂದು ಫಲಕವಿತ್ತು. ಎಡಗಡೆ ಹಕ್ಕಿಯ ಹೆಸರು, ಬಲಗಡೆ ಅದನ್ನು ಅಲ್ಲಿ ಮೊದಲು ಕಂಡವರ ಹೆಸರು. ಫಲಕ ಮಾಡಿಸಿಕೊಟ್ಟದ್ದು ಒಂದು ಕಟ್ಟಡ ಕಂಪನಿ. ಅದೇ ಕಂಪನಿಯ ಲಾರಿಗಳು ಜೌಗಿನ ಹಿಂಬದಿಗೆ ದಿನಾ ಹತ್ತು ಲೋಡು ಮಣ್ಣು ತಂದು ಸುರಿಯುತ್ತಿದ್ದವು. ಮುಂದಿನಿಂದ ಹಕ್ಕಿಗಳಿಗೆ ಸನ್ಮಾನ, ಹಿಂದಿನಿಂದ ಬೀಳ್ಕೊಡುಗೆ!

ಆ ಫಲಕದಲ್ಲಿ ಏಳು ಕಡೆ ಸಾಹೇಬರ ಭಾವಮೈದುನನ ಹೆಸರಿತ್ತು. ಅವನು ಹಲ್ಲಿನ ಡಾಕ್ಟರು. ಅವನ ಕ್ಯಾಮೆರಾದ ಲೆನ್ಸು ಚರಂಡಿ ಪೈಪಿನಷ್ಟು ದಪ್ಪ. ಅದನ್ನು ಹೊರಲು ಮೂರು ಕಾಲಿನ ಸ್ಟ್ಯಾಂಡು, ಸ್ಟ್ಯಾಂಡಿಗೊಂದು ಚೀಲ, ಚೀಲಕ್ಕೊಂದು ಮಳೆಕೋಟು. ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಬಂದವನೇ ಕ್ಯಾಮೆರಾವನ್ನು ಭಾವನ ಕುರ್ಚಿಯ ಮೇಲೆ ಕೂರಿಸಿ, ಭಾವನನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದ.

“ಹಕ್ಕಿ ನೋಡೋಕೆ ಕಣ್ಣಿದ್ರೆ ಸಾಲ್ದು ಭಾವ. ಸಾಮಾನು ಬೇಕು.”

ಮೊದಲೆಲ್ಲ ಸಾಹೇಬರು ಇದಕ್ಕೆ ನಕ್ಕು ಸುಮ್ಮನಾಗುತ್ತಿದ್ದರು. ಏಕೆಂದರೆ ಅವರ ಕಣ್ಣಿಗೆ ಕಚೇರಿಯಲ್ಲಿ ಒಂದು ಸಿಂಹಾಸನವಿತ್ತು. ನಲವತ್ತೆಂಟು ಗೂಡುಗಳ ಮರದ ಕಪಾಟಿನ ಮುಂದೆ ನಿಂತು ಅವರು ಕಾಗದ ಎಸೆಯತೊಡಗಿದರೆ, ಪಕ್ಕದ ವಿಭಾಗದವರು ಟೀ ಲೋಟ ಹಿಡಿದು ನೋಡಲು ಬರುತ್ತಿದ್ದರು. ವೈದ್ಯರ ಬರವಣಿಗೆ, ಮಳೆಯಲ್ಲಿ ತೊಯ್ದ ವಿಳಾಸ, ಬಸ್ಸಿನಲ್ಲಿ ಕುಳಿತು ಗೀಚಿದ್ದು, ಯಾವುದೂ ಅವರ ಕಣ್ಣನ್ನು ಅರೆಕ್ಷಣ ತಡೆದಿರಲಿಲ್ಲ. ಆರು ತಿಂಗಳ ಹಿಂದೆ ವಿಂಗಡಿಸುವ ಯಂತ್ರ ಬಂತು. ಸಾಹೇಬರು ದಿನವಿಡೀ ಎಸೆಯುತ್ತಿದ್ದಷ್ಟನ್ನು ಅದು ಅರ್ಧ ಗಂಟೆಯಲ್ಲಿ ಎಸೆಯಿತು. ಟೀ ಕೇಳಲಿಲ್ಲ, ರಜೆ ಚೀಟಿ ಬರೆಯಲಿಲ್ಲ. ಈಗ ಸಾಹೇಬರ ಕೆಲಸ ಅದರ ಬಾಯಿಗೆ ಕಾಗದ ತುರುಕುವುದು. “ನಿಮ್ಮ ಅನುಭವ ಯಂತ್ರಕ್ಕೆ ಬೇಕೇ ಬೇಕು” ಎಂದು ಮೇಲಧಿಕಾರಿ ಬೆನ್ನು ತಟ್ಟಿದ್ದರು. ಯಂತ್ರವೇನೂ ಹಾಗೆ ಹೇಳಿರಲಿಲ್ಲ.

ಆದ್ದರಿಂದ ಫಲಕದ ಮೇಲೆ ಒಂದೇ ಒಂದು ಸಾಲು! ನೀಲಿಗೊರಳಿನ ಮುಂದೆ ತಮ್ಮ ಹೆಸರು! ಈ ಕಣ್ಣಿಗೆ ಇನ್ನೂ ಕೆಲಸವಿದೆ ಎಂದು ಊರಿಗೆಲ್ಲ ಕಾಣುವಂತೆ!

“ಅಲ್ಲಾ, ಹಕ್ಕಿಗಳ ಬಗ್ಗೆ ನಿಮಗೇನ್ ಗೊತ್ತು?” ಎಂದಳು ಹೆಂಡತಿ, ನೆಲ ಒರೆಸುತ್ತಾ.

“ಕಾಗದಕ್ಕೂ ಹಕ್ಕಿಗೂ ಏನೇ ವ್ಯತ್ಯಾಸ? ಎರಡೂ ಎಲ್ಲಿಂದಲೋ ಬರುತ್ವೆ, ಎಲ್ಲಿಗೋ ಹೋಗುತ್ವೆ. ಮಧ್ಯೆ ಇದು ಯಾವುದು ಅಂತ ಗುರುತು ಹಿಡಿಯೋನು ಒಬ್ಬ ಬೇಕು. ಕಾಗದಾನ ಯಾವತ್ತೂ ಮೇಲಿಂದ ಓದಬಾರದು. ಶ್ರೀಯುತರು, ಅವರ ತಂದೆ, ಎದುರುಗಡೆ ಔಷಧಿ ಅಂಗಡಿ, ಇದೆಲ್ಲಾ ಟೈಂ ವೇಸ್ಟು. ಕೊನೇ ಸಾಲು ನೋಡು, ಊರು ಸಿಕ್ತು, ಎಸಿ! ಹಕ್ಕೀನೂ ಅಷ್ಟೇ. ಮುಖ ನೋಡ್ಕೊಂಡು ಕೂತ್ರೆ ಅದು ಹಾರೇ ಹೋಗುತ್ತೆ. ಬಾಲ ನೋಡು, ಹೆಸರು ಹೇಳು!”

“ಎದುರಿಗೆ ಬಂದು ಕೂತ್ರೆ?”

“ತಿರುಗೋ ತನಕ ಕಾಯ್ತೀನಿ.”

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟು, ಊರವರ ರಕ್ತದಲ್ಲಿ ಏನಿದೆ ಏನಿಲ್ಲ ಎಂದು ಸದ್ದಿಲ್ಲದೆ ಬರೆದಿಡುವವಳು. ಅವಳು ಒರೆಸುವ ಬಟ್ಟೆ ಹಿಂಡಿ ಒಳಗೆ ಹೋದಳು.

ಮರುದಿನದಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಸಾಹೇಬರು ಹಳೆಯ ಕ್ಯಾಲೆಂಡರು, ಪತ್ರಿಕೆಗಳಿಂದ ಅರವತ್ತು ಹಕ್ಕಿಗಳನ್ನು ಕತ್ತರಿಸಿ ಅಂಚೆ ಕಾರ್ಡುಗಳಿಗೆ ಅಂಟಿಸಿದರು. ಎಸೆಯಲು ಗೂಡು ಬೇಕಲ್ಲ? ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿಗೆ ಹನ್ನೆರಡು ಗೂಡಿದ್ದವು. ಚಪ್ಪಲಿಗಳಿಗೆ ವರ್ಗಾವಣೆ ಆದೇಶ ಹೊರಟಿತು. ಅರ್ಧ ಬಟ್ಟೆ ಒಗೆಯುವ ಯಂತ್ರದ ಹಿಂದಕ್ಕೆ, ಅರ್ಧ ಮಂಚದ ಕೆಳಕ್ಕೆ.

ಹೆಂಡತಿಯ ಕೆಲಸ ಇಷ್ಟೇ. ಒಂದೊಂದೇ ಕಾರ್ಡು ಎತ್ತಿಕೊಂಡು, ಬಾಲ ಬಿಟ್ಟು ಉಳಿದದ್ದನ್ನು ಅಂಗೈಯಲ್ಲಿ ಮುಚ್ಚಿ, ಗಂಡನ ಮುಂದೆ ಹಿಡಿಯುವುದು.

“ಸೀಳುಬಾಲ! ಮೂರನೇ ಗೂಡು!”

“ಹ್ಞೂಂ.”

“ಬಿಳೀ ಅಂಚು! ಏಳನೇದು!”

“ಹ್ಞೂಂ.”

“ಬುಡದಲ್ಲಿ ತುಕ್ಕುಗೆಂಪು! ಬಂತು ನೋಡು ನನ್ನ ನೀಲಿಗೊರಳು! ಹನ್ನೆರಡು!”

ಶುಕ್ರವಾರದ ಹೊತ್ತಿಗೆ ಅರವತ್ತು ಹಕ್ಕಿ ಎರಡೇ ನಿಮಿಷಕ್ಕೆ ಗೂಡು ಸೇರತೊಡಗಿದವು. ಅದೇ ಶುಕ್ರವಾರ ಸಂಜೆ ಹೆಂಡತಿ ಲ್ಯಾಬಿನಿಂದ ಕುಂಟುತ್ತಾ ಬಂದಳು.

“ಗಡಿಬಿಡೀಲಿ ಮಂಚದ ಕೆಳಗೆ ಕಾಲು ತೂರಿಸಿ ಹೊರಟೆ. ಅಲ್ಲಿ ಹೋಗಿ ನೋಡ್ತೀನಿ, ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ನಿಮ್ಮ ಬೂಟು! ರಕ್ತ ಕೊಡೋಕೆ ಬಂದ ರೋಗಿ ನನ್ನ ಕಾಲು ನೋಡಿ, ‘ಬೇರೆಯವರು ಯಾರಾದ್ರೂ ಇದ್ದಾರಾ’ ಅಂತ ಕೇಳ್ದ.”

“ಒಂದು ಕಾಲಾದ್ರೂ ಸರಿ ಇತ್ತಲ್ಲ,” ಎಂದು ಸಾಹೇಬರು ಸಮಾಧಾನ ಹೇಳಿದರು. ಆ ಸಮಾಧಾನಕ್ಕೆ ಅವತ್ತು ಅವರ ಪಾಲಿಗೆ ಒಣ ಬ್ರೆಡ್ಡು ಬಂತು.

ಆದರೆ ವಿಜಯೋತ್ಸಾಹ ಬ್ರೆಡ್ಡಿಗೆಲ್ಲ ಬಗ್ಗುವಂಥದ್ದಲ್ಲ. ಶನಿವಾರ ಕಚೇರಿಯಿಂದ ಬರುತ್ತಾ ಸಾಹೇಬರು ಸೀದಾ ಬೋರ್ಡು ಬರೆಯುವ ಪೇಂಟರನ ಬಳಿ ಹೋದರು. ಜೌಗಿನ ಫಲಕ ಬರೆಯುತ್ತಿದ್ದವನೂ ಅವನೇ. ಬಲಗಿವಿಯ ಮೇಲೆ ಕುಂಚ, ಎಡಗಿವಿಯ ಮೇಲೆ ಪೆನ್ಸಿಲ್ಲು, ಬಾಯಲ್ಲಿ ಸದಾ ಸೀಟಿ. ಹೇಳಿದ್ದನ್ನು ಹೇಳಿದಂತೆ ಮಾಡುವ, ಒಂದಕ್ಷರ ಹೆಚ್ಚುಕಮ್ಮಿ ಮಾಡದ ಮನುಷ್ಯ.

“ನಾಳೆ ಫಲಕದಲ್ಲಿ ನನ್ನ ಹೆಸರು ಬರೀಬೇಕು. ನೀಲಿಗೊರಳಿನ ಮುಂದೆ. ಅಕ್ಷರ ನಾಲ್ಕು ಇಂಚು ಇರ್ಲಿ.”

“ಬೇರೆಯವರದ್ದೆಲ್ಲಾ ಎರಡು ಇಂಚು ಸಾರ್.”

“ಬೇರೆಯವರದ್ದು ಬೇರೆಯವರಿಗೆ.”

“ಆಯ್ತು. ಹಕ್ಕಿ ಯಾವಾಗ ಕಂಡ್ರಿ ಸಾರ್?”

“ನಾಳೆ ಕಾಣ್ತೀನಿ.”

ಪೇಂಟರ್ ಸೀಟಿ ನಿಲ್ಲಿಸಿ ಅವರ ಮುಖ ನೋಡಿದ. “ಹಾಗಾದ್ರೆ ನಾಡಿದ್ದು ಬರ್ಲಾ?”

“ಬೇಡ ಬೇಡ! ಎಲ್ಲರೂ ಇರುವಾಗ್ಲೇ ಬರೀಬೇಕು. ಬೆಳಕು ಹರಿಯೋ ಹೊತ್ತಿಗೆ ಬಂದು ಎಲ್ಲಾದ್ರೂ ಮರೇಲಿ ಕೂತಿರು. ನಾನು ಕೂಗೋ ತನಕ ತಲೆ ಎತ್ತಬೇಡ. ನನ್ನ ಭಾವಮೈದುನನ ಕಣ್ಣಿಗೆ ಬಿದ್ದೆ ಅಂದ್ರೆ, ಹಕ್ಕಿಗಿಂತ ಮೊದಲು ನನ್ನ ಮಾನ ಹಾರುತ್ತೆ.”

ಭಾನುವಾರ ಬೆಳಿಗ್ಗೆ ಹೆಂಡತಿ ಕಣ್ಣು ಬಿಟ್ಟಾಗ ಮಲಗುವ ಕೋಣೆಯ ಕಿಟಕಿ ಬೆತ್ತಲೆ ನಿಂತಿತ್ತು. ಎದುರು ಮನೆಯ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದ ಮುದುಕರು ಅವಳನ್ನು ನೋಡಿ, ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಶುಭೋದಯ ಹೇಳಿದರು.

“ರೀ! ಪರದೆ ಎಲ್ಲಿ?”

ಹಸಿರು ಪರದೆ ಹಾಲಿನಲ್ಲಿತ್ತು. ಒಳಗೆ ಸಾಹೇಬರಿದ್ದರು. ತಲೆಯಿಂದ ಮೊಣಕಾಲಿನವರೆಗೆ ಸುತ್ತಿಕೊಂಡು, ಪರದೆಯ ಉಂಗುರಗಳನ್ನು ಕತ್ತಿನ ಸುತ್ತ ಝಣಝಣಿಸುತ್ತಾ ಸಿದ್ಧವಾಗಿ ನಿಂತಿದ್ದರು.

“ಜೊಂಡಿನ ಬಣ್ಣ ಕಣೇ. ಹಕ್ಕಿಗೆ ನಾನಿದ್ದೀನಿ ಅಂತಾನೇ ಗೊತ್ತಾಗಲ್ಲ.”

“ನಮ್ಮ ತಮ್ಮನಿಗೆ ಗೊತ್ತಾಗದೇ ಇದ್ರೆ ಸಾಕು.”

ಅವಳು ಬರಲೇಬೇಕಿತ್ತು. ಪಕ್ಷಿ ಬಳಗದ ಅಧ್ಯಕ್ಷೆ ಹೆಡ್‌ಮೇಡಂ ಹಾಗೆ ನಿಯಮ ಮಾಡಿಟ್ಟಿದ್ದರು. ಮೂವತ್ತು ವರ್ಷ ಶಾಲೆ ಆಳಿ ನಿವೃತ್ತರಾದ ಆಕೆಗೆ, ಒಬ್ಬರೇ ಹೇಳಿದ್ದನ್ನು ನಂಬುವ ಅಭ್ಯಾಸ ಪೂರ್ತಿ ಬಿಟ್ಟುಹೋಗಿತ್ತು. ಹಕ್ಕಿ ಕಂಡವರು ಒಬ್ಬರು, ಅದೇ ಹಕ್ಕಿಯನ್ನು ಕಂಡ ಸಾಕ್ಷಿ ಇನ್ನೊಬ್ಬರು, ಇಬ್ಬರ ಸಹಿಯೂ ಕೆಂಪು ರಟ್ಟಿನ ದಾಖಲೆ ಪುಸ್ತಕದಲ್ಲಿ ಬಿದ್ದರೆ ಮಾತ್ರ ಹೆಸರು ಫಲಕಕ್ಕೆ. ಫೋಟೋ ತೋರಿಸಿದರೆ, “ಅದು ಇಲ್ಲೇ ತೆಗೆದದ್ದು ಅನ್ನೋದಕ್ಕೆ ಸಾಕ್ಷಿ ಯಾರು?” ಎನ್ನುತ್ತಿದ್ದರು.

ಜೌಗಿನ ಬಾಗಿಲಲ್ಲಿ ಹತ್ತು ಮಂದಿ ಸೇರಿದ್ದರು. ಭಾವಮೈದುನ ಪರದೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ.

“ಭಾವ, ಕಿಟಕೀನೂ ತಂದಿದ್ದೀರಾ?”

“ಇನ್ನೊಂದು ಗಂಟೆ ತಡ್ಕೋ. ಆಮೇಲೆ ನಗುವಿಯಂತೆ, ಎಷ್ಟು ಹಲ್ಲು ಬೇಕಾದ್ರೂ ತೋರ್ಸು.”

“ಮಾತು ಸಾಕು!” ಹೆಡ್‌ಮೇಡಂ ಕೈ ಎತ್ತಿದರು. “ಇಬ್ಬಿಬ್ಬರಾಗಿ ಹೋಗಿ. ಯಾರೂ ಮಾತಾಡಬಾರದು.”

ಸಾಹೇಬರು ಸುತ್ತ ನೋಡಿದರು. ಪೇಂಟರನ ಸುಳಿವಿಲ್ಲ. ‘ಮೈಗಳ್ಳ, ಕೈಕೊಟ್ಟ!’ ಎಂದು ಮನಸ್ಸಿನಲ್ಲೇ ಬೈದುಕೊಂಡು, ಹೆಂಡತಿಯನ್ನು ಕರೆದುಕೊಂಡು ಎಡಗಡೆಯ ಜೊಂಡಿನತ್ತ ಹೊರಟರು. ಕೆಸರು ಪಾದ ಹಿಡಿದು ಎಳೆಯುತ್ತಿತ್ತು. ಪರದೆಯ ತುದಿ ಹಿಂದೆ ಹರಿದಾಡುತ್ತಾ ಜೌಗಿನ ಅರ್ಧ ಕಸವನ್ನು ಗುಡಿಸಿಕೊಂಡು ಬರುತ್ತಿತ್ತು. ಒಂದು ಕಡೆ ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತರು.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಸಾಹೇಬರ ಕಾಲು ಜೋಮು ಹಿಡಿದು, ತಮ್ಮದೋ ಪಕ್ಕದವರದೋ ಎಂದು ತಿಳಿಯದಂತಾಯಿತು.

ಆಗ ಬಂತು ಆ ಸ್ವರ!

ಮೂವತ್ತು ಹೆಜ್ಜೆ ದೂರದ ಜೊಂಡಿನೊಳಗಿಂದ ಸಣ್ಣಗೆ ಹೊರಟು, ಏರಿ, ಇಳಿದು, ಕೊನೆಗೆ ಕೊಂಕಿ ತಿರುಗಿತು. ಸಾಹೇಬರು ಉಸಿರು ಬಿಗಿಹಿಡಿದು ದುರ್ಬೀನು ಎತ್ತಿದರು. ಹಸಿರಿನ ನಡುವೆ ಏನೋ ಅಲುಗಿತು. ತುಕ್ಕಿನ ಕೆಂಪು! ಸ್ವರ ಏರಿದಾಗ ಮೇಲೆ, ಇಳಿದಾಗ ಕೆಳಗೆ. ಬಾಲ! ಸಾಕ್ಷಾತ್ ಹನ್ನೆರಡನೇ ಗೂಡಿನ ಬಾಲ!

ಹೆಂಡತಿ ಪರದೆಯ ಅಂಚು ಜಗ್ಗಿದಳು. “ರೀ… ಇಲ್ಲಿ…”

“ಶ್!”

“ಅಲ್ಲ ರೀ, ನಿಮ್ಮ ಕಾಲ್ಬುಡದಲ್ಲಿ…”

“ಸುಮ್ನಿರೇ ಅಂದ್ರೆ!”

ಹಾಗೆಂದು ಸಾಹೇಬರು ದುರ್ಬೀನು ಇಳಿಸಿ ಕೆಳಗೆ ನೋಡಿದರು. ಎರಡು ಮಾರು ದೂರದ ಕೆಸರಿನ ಮೇಲೆ, ಎದೆಗೆ ಏನೋ ನೀಲಿ ಮೆತ್ತಿಕೊಂಡಿದ್ದ ಒಂದು ಗುಬ್ಬಿಯಂಥದ್ದು ಸರಿಯಾಗಿ ಅವರ ಕಣ್ಣಿನ ನೇರಕ್ಕೆ ನಿಂತಿತ್ತು. ನಿಂತದ್ದೇ ಅಲ್ಲದೆ ಕತ್ತು ಎತ್ತಿ ಕಿರಿಕಿರಿ ಮಾಡತೊಡಗಿತು. ಅದರ ಗದ್ದಲದಲ್ಲಿ ಅಲ್ಲಿನ ದಿವ್ಯ ಸ್ವರವೇ ಕೇಳಿಸದಂತಾಯಿತು! ಬಾಲ ಅದರ ಬೆನ್ನ ಹಿಂದೆಲ್ಲೋ ಇತ್ತು. ಯಾರಿಗೆ ಬೇಕು?

“ಹುಶ್! ಹುಶ್! ನಡಿ ಆಚೆ!”

ಪರದೆಯ ಉಂಗುರಗಳು ಝಲ್ಲೆಂದವು. ಹಕ್ಕಿ ಪುರ್ರನೆ ಹಾರಿ ಜೊಂಡು ದಾಟಿ ಹೋಯಿತು. ಹೆಂಡತಿ ಅದು ಹೋದ ದಿಕ್ಕನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು.

ಈಗ ಸಾಹೇಬರು ಎರಡೂ ಕೈ ಎತ್ತಿ ಪರದೆಯನ್ನು ಬಾವುಟದಂತೆ ಬೀಸಿದರು. ಸಾಕ್ಷಿ ಒಬ್ಬರೇಕೆ? ಊರೇ ಸಾಕ್ಷಿಯಾಗಲಿ! ಹತ್ತೂ ಮಂದಿ ಬೆನ್ನು ಬಗ್ಗಿಸಿ, ಕೆಸರಿನಲ್ಲಿ ಮೊಣಕಾಲೂರಿ, ಸದ್ದಿಲ್ಲದೆ ಬಂದು ಸೇರಿದರು. ಹೆಡ್‌ಮೇಡಂ ಕೂಡ ಸೀರೆ ಎತ್ತಿ ಕಟ್ಟಿ, ದಾಖಲೆ ಪುಸ್ತಕ ಎದೆಗವಚಿಕೊಂಡು ತೆವಳಿದರು.

“ಎಲ್ಲಿ?” ಭಾವಮೈದುನನ ಮುಖ ಬಿಳುಚಿತ್ತು. ಮೂರು ಚಳಿಗಾಲ ಅವನು ಕಾದದ್ದು ಇದೇ ಹಕ್ಕಿಗೆ.

“ಅಕೋ ಅಲ್ಲಿ. ಕೇಳ್ಸುತ್ತಾ? ಕಾಣ್ಸುತ್ತಾ ಬಾಲ?”

ಭಾವಮೈದುನ ಪೈಪಿನಂಥ ಲೆನ್ಸು ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ.

“ಭಾವ… ಈ ಹಕ್ಕಿಗೆ ಕಿವಿ ಇದೆ.”

“ಏನಂದೆ?”

“ಎರಡು ಕಿವಿ. ಒಂದರ ಮೇಲೆ ನಿಮ್ಮ ಬಾಲ, ಇನ್ನೊಂದರ ಮೇಲೆ ಪೆನ್ಸಿಲ್ಲು.”

“ಬಾಯಿ ಮುಚ್ಚೋ! ಹೊಟ್ಟೆಕಿಚ್ಚು ನಿನಗೆ!” ಸಾಹೇಬರು ತಮಗರಿವಿಲ್ಲದೆ ಕೂಗಿಬಿಟ್ಟರು.

ಕೂಗಿದ್ದೇ ತಡ, ಜೊಂಡು ಎರಡಾಗಿ ಸೀಳಿ, ಕಿವಿಯ ಮೇಲಿನ ಕೆಂಗೂದಲ ಕುಂಚ ಸಮೇತ ಪೇಂಟರ್ ಎದ್ದು ನಿಂತ. ಸೊಂಟದವರೆಗೆ ಒದ್ದೆ, ತುಟಿ ಇನ್ನೂ ಸೀಟಿ ಹೊಡೆಯುವಂತೆ ದುಂಡಗೆ. ಒಂದು ಕೈಯಲ್ಲಿ ಡಬ್ಬಿ.

“ಬಂದೆ ಸಾರ್! ಈಗ ಬರೀಲಾ?”

ಹನ್ನೆರಡು ಜೊತೆ ಕಣ್ಣು ಅವನತ್ತ ತಿರುಗಿದವು. ಪೇಂಟರನಿಗೆ ವಿವರಣೆ ಕೊಡಬೇಕು ಎನ್ನಿಸಿತು.

“ಆರು ಗಂಟೆಯಿಂದ ಇಲ್ಲೇ ಇದ್ದೀನಿ. ಸಾರ್ ನಿನ್ನೇನೇ ಹೇಳಿದ್ರು, ಕೂಗೋ ತನಕ ತಲೆ ಎತ್ತಬೇಡ, ಹಕ್ಕಿ ಇವತ್ತು ಕಾಣ್ತೀನಿ, ಅಕ್ಷರ ನಾಲ್ಕು ಇಂಚು ಇರ್ಲಿ ಅಂತ.”

ಜೌಗಿನಲ್ಲಿದ್ದ ಬಾತುಕೋಳಿಗಳೆಲ್ಲ ಒಟ್ಟಿಗೆ ಹಾರಿದವು. ಅಷ್ಟು ಮಂದಿ ಒಟ್ಟಿಗೆ ನಕ್ಕರೆ ಅವು ತಾನೇ ಏನು ಮಾಡಿಯಾವು? ಭಾವಮೈದುನ ನಗುತ್ತಾ ನಗುತ್ತಾ ಕೆಸರಿನಲ್ಲೇ ಕುಳಿತುಬಿಟ್ಟ. “ನಾಲ್ಕು ಇಂಚು! ಅಯ್ಯೋ ಭಾವ! ನಾಲ್ಕು ಇಂಚು!”

ಹೆಡ್‌ಮೇಡಂ ಮಾತ್ರ ನಗಲಿಲ್ಲ. ಪುಸ್ತಕ ತೆರೆದು ಕೇಳಿದರು: “ಇದನ್ನ ಯಾವ ಜಾತಿಯ ಹಕ್ಕಿ ಅಂತ ಬರ್ಕೊಳ್ಳಲಿ?”

ಸಾಹೇಬರು ಪರದೆಯನ್ನು ತಲೆಯ ಮೇಲೆ ಎಳೆದುಕೊಂಡರು. ಒಳಗೆ ಹಸಿರು ಕತ್ತಲು. ಯಂತ್ರದ ಬಾಯಿ, ಅದಕ್ಕೆ ಕಾಗದ ತುರುಕುವ ತಮ್ಮ ಕೈ, ಬೆನ್ನು ತಟ್ಟುವ ಮೇಲಧಿಕಾರಿ, ಎಲ್ಲ ಅಲ್ಲೇ ಕಂಡವು. ಯಂತ್ರವಾದರೂ ಪೇಂಟರನನ್ನು ಹಕ್ಕಿಯ ಗೂಡಿಗೆ ಎಸೆಯುತ್ತಿರಲಿಲ್ಲ!

“ಮೇಡಂ, ನೀಲಿಗೊರಳು ಬಂದಿತ್ತು,” ಎಂದಳು ಹೆಂಡತಿ.

ನಗು ಅಲ್ಲಲ್ಲೇ ನಿಂತಿತು.

“ಇಲ್ಲೇ, ಈ ಕೆಸರಿನ ಮೇಲೆ. ಕೊರಳೆಲ್ಲ ನೀಲಿ, ಅದರ ಕೆಳಗೆ ಸಣ್ಣ ಕಪ್ಪು ಪಟ್ಟಿ, ಹುಬ್ಬಿನ ಹಾಗೆ ಕಣ್ಣ ಮೇಲೊಂದು ಬಿಳೀ ಗೆರೆ. ವಾರವಿಡೀ ಕಾರ್ಡು ಹಿಡಿದಿದ್ದೀನಿ. ಇವರು ನೋಡಿದ್ದು ಬರೀ ಬಾಲ, ಮುಚ್ಚೋಕೆ ಮುಂಚೆ ಮುಖ ನೋಡಿದ್ದು ನಾನು. ಈಗಷ್ಟೇ ಹಾರಿಹೋಯ್ತು. ನೋಡಿ, ಹೆಜ್ಜೆ ಗುರುತು ಇನ್ನೂ ಹಸಿಯಾಗಿದೆ.”

ಹೆಡ್‌ಮೇಡಂ ಬಗ್ಗಿ ಕೆಸರು ನೋಡಿದರು. ಕಡ್ಡಿಯಲ್ಲಿ ಗೀರಿದಂಥ ಪುಟ್ಟ ಪುಟ್ಟ ಗುರುತುಗಳಿದ್ದವು. ಅವರ ಕನ್ನಡಕ ಹೊಳೆಯಿತು.

ಭಾವಮೈದುನ ಕೆಸರಿನಿಂದ ಎದ್ದ. ಈಗ ಅವನ ಮುಖದಲ್ಲಿ ಒಂದು ಹಲ್ಲೂ ಕಾಣುತ್ತಿರಲಿಲ್ಲ.

“ಅಕ್ಕ, ನೀನು ನೋಡಿರಬಹುದು. ಆದ್ರೆ ಸಾಕ್ಷಿ ಯಾರು? ನಿಯಮ ಅಂದ್ರೆ ನಿಯಮ.”

“ನಿನ್ನ ಅಕ್ಕ ಸುಳ್ಳು ಹೇಳ್ತಾಳೇನೋ?”

“ಹಾಗಲ್ಲ ಅಕ್ಕ. ಸಾಕ್ಷಿ ಇಲ್ದೆ ಬರ್ಕೊಂಡ್ರೆ ನಾಳೆ ಯಾರು ಬೇಕಾದ್ರೂ ಏನು ಬೇಕಾದ್ರೂ ಕಂಡೆ ಅಂತಾರೆ. ಇವತ್ತು ನಾವೇ ನೋಡಿದ್ವಲ್ಲ,” ಎಂದು ಅವನು ಪರದೆಯತ್ತ ಕಣ್ಣು ಹಾಯಿಸಿದ.

ಹೆಂಡತಿ ಗಂಡನ ಕಡೆ ತಿರುಗಲಿಲ್ಲ. ಕೆಸರು ಹತ್ತಿದ ಸೆರಗು ಒರೆಸಿಕೊಳ್ಳುತ್ತಾ, “ಹೋಗಲಿ ಬಿಡಿ ಮೇಡಂ. ನಾನು ನೋಡಿದೆ, ನನಗೆ ಸಾಕು,” ಎಂದಳು. ಹೆಡ್‌ಮೇಡಂ ನಿಟ್ಟುಸಿರಿಟ್ಟು ಪುಸ್ತಕ ಮುಚ್ಚತೊಡಗಿದರು.

ಪರದೆಯೊಳಗೆ ಸಾಹೇಬರಿಗೆ ಎಲ್ಲವೂ ನಿಚ್ಚಳವಾಗಿತ್ತು. ನೀಲಿ, ಕಪ್ಪು ಪಟ್ಟಿ, ಬಿಳೀ ಹುಬ್ಬು. ಇಪ್ಪತ್ತೆರಡು ವರ್ಷದ ಕಣ್ಣು ಒಮ್ಮೆ ಕಂಡದ್ದನ್ನು ಬಿಡುವುದಿಲ್ಲ. ಸುಮ್ಮನಿದ್ದರೆ ಇವತ್ತಿನ ಮರ್ಯಾದೆ ಪೇಂಟರನೊಂದಿಗೆ ಮುಗಿಯುತ್ತದೆ. ಬಾಯಿ ಬಿಟ್ಟರೆ ಅದಕ್ಕಿಂತ ದೊಡ್ಡದು ಕಾದಿದೆ. ಭಾವಮೈದುನ ಇದನ್ನು ಸಾಯುವವರೆಗೆ ಪ್ರತಿ ಭಾನುವಾರ ಊಟದ ಜೊತೆ ನಂಚಿಕೊಳ್ಳುತ್ತಾನೆ!

ಪರದೆ ಸರಿಯಿತು.

“ನಾನು ಸಾಕ್ಷಿ.”

“ನೀವಾ? ನೀವು ಪೇಂಟರನ್ನ ನೋಡ್ತಿದ್ರಲ್ಲ ಭಾವ!”

“ಮಧ್ಯೆ ಒಂದ್ಸಲ ಕೆಳಗೂ ನೋಡ್ದೆ. ಅವಳು ಹೇಳಿದ್ದು ಅಕ್ಷರ ಅಕ್ಷರ ನಿಜ. ಕೊಡಿ ಮೇಡಂ ಪುಸ್ತಕ.”

ಹೆಂಡತಿ ಈಗ ತಿರುಗಿ ನೋಡಿದಳು.

ಸಾಹೇಬರು ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ದಿನಾಂಕ, ಸಮಯ, ಸ್ಥಳ ತುಂಬಿದರು. ‘ಮೊದಲು ಕಂಡವರು’ ಎಂಬಲ್ಲಿ ಹೆಂಡತಿಯ ಹೆಸರನ್ನು, ಯಾವ ಯಂತ್ರವೂ ತಡವರಿಸದಂತೆ, ಗುಂಡಗೆ ಬರೆದರು. ‘ಸಾಕ್ಷಿ’ ಎಂಬಲ್ಲಿ ಸಹಿ ಹಾಕಿ, ಪುಸ್ತಕ ಚಾಚಿದರು.

ಹೆಡ್‌ಮೇಡಂ ತೆಗೆದುಕೊಳ್ಳಲಿಲ್ಲ. “ಇನ್ನೆರಡು ಕಾಲಂ ಖಾಲಿ ಬಿಟ್ಟಿದ್ದೀರಿ.”

ಬಲತುದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ‘ಹಕ್ಕಿ ಸ್ಥಳ ಬಿಟ್ಟುಹೋದದ್ದು ಹೇಗೆ?’

ಸಾಹೇಬರು ಪೆನ್ನಿನ ತುದಿ ಕಚ್ಚಿದರು. ಸುತ್ತ ಹನ್ನೆರಡು ತಲೆಗಳು ಬಗ್ಗಿದವು; ಪೇಂಟರನದೂ ಒಂದು. ಬರೆದರು:

‘ನಾನು ಓಡಿಸಿದೆ.’

“ಪಕ್ಕದ್ದು?” ಎಂದರು ಹೆಡ್‌ಮೇಡಂ. ಪಕ್ಕದ ಕಾಲಂ ‘ಕಾರಣ’.

ಸುಳ್ಳು ಬರೆಯಲು ಈಗ ಏನೂ ಉಳಿದಿರಲಿಲ್ಲ. ಸಾಹೇಬರು ಹಣೆಯ ಬೆವರನ್ನು ಮಲಗುವ ಕೋಣೆಯ ಪರದೆಯಿಂದ ಒರೆಸಿಕೊಂಡು, ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದರು:

‘ಹಕ್ಕಿ ನೋಡುವುದಕ್ಕೆ ಅಡ್ಡ ಬರುತ್ತಿತ್ತು.’